ಸ್ವಿಫ್ಟ್‌ಗೆ ಕೋನ್ ಏರ್ ಫಿಲ್ಟರ್ ಹಾಕಿಸ್ಲಾ, ಬೇಡ್ವಾ? ದಿನಾ ಸಿಲ್ಕ್ ಬೋರ್ಡ್ ದಾಟೋ ಗಾಡಿ

ಹನುಮಂತನಗರ_ಸ್ವಿಫ್ಟ್

ಎಲ್ಲರಿಗೂ ನಮಸ್ಕಾರ. ಗಾಡಿ 2019ರ ಸ್ವಿಫ್ಟ್, ಪೆಟ್ರೋಲ್, 1.2 ಲೀಟರ್. 62 ಸಾವಿರ ಕಿ.ಮೀ. ಓಡಿದೆ. ಹನುಮಂತನಗರದಿಂದ ಮಾರತ್ತಹಳ್ಳಿಗೆ ದಿನಾ ಹೋಗಿ ಬರೋದು, ಅಂದ್ರೆ ಸಿಲ್ಕ್ ಬೋರ್ಡ್ ಟ್ರಾಫಿಕ್ ನನ್ನ ಹಣೇಲೇ ಬರೆದಿದೆ. ತಿಂಗಳಿಗೊಂದು ಸಲ ತುರುವೇಕೆರೆ ಕಡೆ ಊರಿಗೆ.

ನಾಲ್ಕೈದು ತಿಂಗಳಿಂದ ಗಾಡೀಲಿ ಮೊದಲಿನ ಎಳೆತ ಇಲ್ಲ. ಮೂರನೇ ಗೇರಲ್ಲಿ ಆರಾಮಾಗಿ ಹತ್ತುತ್ತಿದ್ದ ಫ್ಲೈಓವರಿಗೆ ಈಗ ಎರಡಕ್ಕೆ ಇಳಿಸಬೇಕು. ಅದೂ ಮಧ್ಯಾಹ್ನದ ಹೊತ್ತಲ್ಲಿ ಜಾಸ್ತಿ, ಬೆಳಗ್ಗೆ ಆರಕ್ಕೆ ಹೊರಟರೆ ಅಷ್ಟು ಗೊತ್ತಾಗಲ್ಲ. ಸರ್ವಿಸ್‌ಗೆ ಬಿಟ್ಟಾಗ ಕೇಳಿದ್ರೆ 'ಎಲ್ಲಾ ನಾರ್ಮಲ್ ಸಾರ್' ಅಂತ ಸಹಿ ಹಾಕಿಸ್ಕೊಂಡ್ರು.

ಹೋದ ಶನಿವಾರ ಜೆ.ಸಿ. ರಸ್ತೆಗೆ ಹೋಗಿದ್ದೆ. ಎಂಜಿನ್‌ಗೆ ಹೋಗೋ ಗಾಳಿ ಸೋಸೋ ಫಿಲ್ಟರ್ ಅಂಗಡಿಯವರು ಮೂರು ಥರದ್ದು ತೋರಿಸಿದ್ರು. ಈಗಿರೋ ಬಾಕ್ಸ್ ಒಳಗೇ ಕೂರೋ ಹತ್ತಿ ಫಿಲ್ಟರ್ 4,800. ಬಾಕ್ಸ್ ಕಿತ್ತು ಹಾಕೋ ಕೋನ್ ಫಿಲ್ಟರ್, ಪೈಪ್ ಸಮೇತ 9,500. ಬಂಪರ್ ಒಳಗಿನವರೆಗೂ ಉದ್ದ ಪೈಪ್ ಇಳಿಸೋ ಕೋಲ್ಡ್ ಏರ್ ಕಿಟ್ 14,000. ಕೊನೇದಕ್ಕೆ 'ಹತ್ತು ಹಾರ್ಸ್‌ಪವರ್ ಗ್ಯಾರಂಟಿ, ಮೈಲೇಜೂ ಏರುತ್ತೆ' ಅಂದ್ರು. ಮನೇಲಿ ಹೇಳಿದ್ರೆ ನಮ್ಮಪ್ಪ, 'ಗಾಡಿ ಉಸಿರಾಡೋಕೂ ದುಡ್ಡು ಕೊಡ್ಬೇಕೇನೋ ಈಗ' ಅಂತಾರೆ.

ಯಾವುದು ತಗೊಳ್ಳಲಿ? ಹಾಕಿಸಿ ಅನುಭವ ಇರೋರು ಹೇಳಿ.

ಮಗಾ_ಮಶ್ರೂಮ್

ಹಾಕ್ಸು ಗುರು, ಯೋಚ್ನೆ ಯಾಕೆ. ನನ್ನ 2012ರ ಹೋಂಡಾ ಸಿಟಿಗೆ ಕೋನ್ ಹಾಕಿ ಎರಡು ವರ್ಷ ಆಯ್ತು. 4000 ಆರ್‌ಪಿಎಂ ದಾಟ್ತಿದ್ದಂಗೆ ಒಂದು ಗರ್ಜನೆ ಬರುತ್ತೆ ನೋಡು, ಅದಕ್ಕೇ ಕೊಟ್ಟ ದುಡ್ಡು ವಸೂಲ್. ಪಿಕಪ್ಪೂ ಸಖತ್ತಾಗಿದೆ.

ವಿಲ್ಸನ್‌ಗಾರ್ಡನ್_ಗ್ಯಾರೇಜ್

ಬ್ರದರ್, ಮೊದ್ಲು ಒಂದು ಮಾತು. ಎಳೆತ ಕಮ್ಮಿ ಆಗಿರೋ ಗಾಡಿಗೆ ಸ್ಪೋರ್ಟ್ಸ್ ಫಿಲ್ಟರ್ ಹಾಕೋದು, ಜ್ವರ ಬಂದೋನಿಗೆ ಹೊಸ ಶರ್ಟ್ ಹೊಲಿಸಿದಂಗೆ. ಚೆನ್ನಾಗಿ ಕಾಣ್ತಾನೆ, ಜ್ವರ ಹಂಗೇ ಇರುತ್ತೆ.

ಈಗಿರೋ ಫಿಲ್ಟರ್ ಯಾವಾಗ ಬದಲಾಯಿಸಿದ್ದು? ಪ್ಲಗ್ ಯಾವಾಗ? ಮುಂದ್ಗಡೆ ಏನಾದ್ರೂ ಏಟು ಬಿದ್ದು ಕೆಲಸ ಆಗಿದ್ಯಾ? ಮೂರಕ್ಕೂ ಉತ್ತರ ಕೊಡಿ, ಆಮೇಲೆ ಅಂಗಡಿ ಕಡೆ ಹೋಗೋಣ.

ಇನ್ನೊಂದು. ಈಗೀಗ ಗಲ್ಲಿ ಗಲ್ಲೀಲಿ ಗಾಡಿ ತೊಳೆಯೋರು ಫಿಲ್ಟರ್ ತೆಗ್ದು ಕಂಪ್ರೆಸರ್ ಗಾಳಿ ಹೊಡೀತಾರೆ. ಎಂಜಿನ್ ಕಡೆಯಿಂದ ಹೊರಗಡೆಗೆ ಊದಬೇಕು, ಅದೂ ದೂರದಿಂದ, ಮೆಲ್ಲಗೆ. ಅವರು ಧೂಳಿನ ಕಡೆಯಿಂದ ಪೈಪ್ ಒತ್ತಿಟ್ಟು ಊದ್ತಾರೆ. ಕಾಗದದೊಳಗೆ ಧೂಳು ಇನ್ನೂ ಆಳಕ್ಕೆ ಹೋಗುತ್ತೆ, ಇಲ್ಲಾ ಕಾಗದ ಸೀಳುತ್ತೆ. ಮುನ್ನೂರು ನಾನ್ನೂರು ರೂಪಾಯಿ ಸಾಮಾನು ಅದು, ಊದಿ ಉಳಿಸೋಕೆ ಹೋಗ್ಬೇಡಿ.

ಹನುಮಂತನಗರ_ಸ್ವಿಫ್ಟ್

ಫಿಲ್ಟರ್ ಬದಲಾಯಿಸಿ 18 ಸಾವಿರ ಕಿ.ಮೀ. ಆಗಿರಬಹುದು ಅಣ್ಣ. ಪ್ಲಗ್ 40 ಸಾವಿರಕ್ಕೆ ಹಾಕಿಸಿದ್ದೆ. ಏಟು ಅಂದ್ರೆ, ನವೆಂಬರಲ್ಲಿ ಗೂಡ್ಸ್ ಆಟೊ ರಿವರ್ಸ್ ಬಂದು ಬಂಪರ್ ಎಡಗಡೆ ಒಳಗೆ ಹೋಗಿತ್ತು. ಬಂಪರ್, ಫಾಗ್ ಲ್ಯಾಂಪ್, ಗ್ರಿಲ್ ಎಲ್ಲಾ ಹೊಸದು ಹಾಕಿದ್ರು, ಇನ್ಶೂರೆನ್ಸಲ್ಲೇ ಆಯ್ತು. ಎಂಜಿನ್‌ಗೇನೂ ಆಗಿರಲಿಲ್ಲ.

ಜಯನಗರ_ನಾಲ್ಕನೇ_ಬ್ಲಾಕ್

'ಹತ್ತು ಹಾರ್ಸ್‌ಪವರ್ ಗ್ಯಾರಂಟಿ' ಎಂಬುದನ್ನು ಓದಿ ಸುಮ್ಮನಿರಲಾಗಲಿಲ್ಲ. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಬ್ಲೋವರ್, ಡಕ್ಟ್‌ಗಳ ಜೊತೆ ಹೆಣಗಿ ನಿವೃತ್ತನಾದವನು ನಾನು. ಸ್ವಲ್ಪ ಲೆಕ್ಕ ಹಾಕೋಣ.

ನಿಮ್ಮ ಎಂಜಿನ್ 1197 ಸಿ.ಸಿ. ನಾಲ್ಕು ಸ್ಟ್ರೋಕಿನದು. ಎರಡು ಸುತ್ತಿಗೊಮ್ಮೆ ಆ 1.2 ಲೀಟರ್ ಜಾಗ ಗಾಳಿಯಿಂದ ತುಂಬಬೇಕು. 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ 3000 ಸಲ, ಅಂದರೆ ಸುಮಾರು 3600 ಲೀಟರ್. ಪೂರ್ತಿ ಎಂದೂ ತುಂಬುವುದಿಲ್ಲ, 3100 ಎಂದಿಟ್ಟುಕೊಳ್ಳಿ. ಸೆಕೆಂಡಿಗೆ ಐವತ್ತು ಲೀಟರ್ ಚಿಲ್ಲರೆ. ಮನೆಗೆ ತರಿಸುವ ನೀರಿನ ಕ್ಯಾನಿನ ಅಳತೆಯಲ್ಲಿ ಪ್ರತಿ ಸೆಕೆಂಡಿಗೆ ಎರಡೂವರೆ ಕ್ಯಾನ್ ಗಾಳಿ.

ಇಷ್ಟು ಗಾಳಿ ಎಳೆಯುವಾಗ ಫಿಲ್ಟರ್ ಎಷ್ಟು ಅಡ್ಡ ಬರುತ್ತದೆ? ಕಳೆದ ವರ್ಷ ನನ್ನ ಮಗಳ ಸ್ವಿಫ್ಟ್‌ನಲ್ಲಿ ಅಳೆದೇ ನೋಡಿದೆ. ನಿಮ್ಮದೇ ಎಂಜಿನ್. ನಾಲ್ಕು ಮೀಟರ್ ಪಾರದರ್ಶಕ ಪೈಪು ತಂದೆ, ಚಿಟಿಕೆ ಕುಂಕುಮ ಕದಡಿದ ನೀರು ತುಂಬಿ 'ಯು' ಆಕಾರದಲ್ಲಿ ಹಲಗೆಗೆ ಕಟ್ಟಿದೆ. ಫಿಲ್ಟರ್ ದಾಟಿದ ಮೇಲೆ ಎಂಜಿನ್ ಒಳಗಿನ ಆವಿ ತರುವ ಬ್ರೀದರ್ ಪೈಪು ಸೇರುವ ಜಾಗವಿದೆಯಲ್ಲ, ಅಲ್ಲೊಂದು ಟಿ ಜೋಡಿಸಿ ಒಂದು ತುದಿ ಸಿಕ್ಕಿಸಿದೆ. ಇನ್ನೊಂದು ತುದಿ ಬಯಲಿಗೆ. ಹಲಗೆ ಕಾರಿನೊಳಗೆ. ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ 6000ದವರೆಗೆ ಪೂರ್ತಿ ತುಳಿದೆ, ಮಗಳು ಮೊಬೈಲಿನಲ್ಲಿ ನೀರಿನ ಮಟ್ಟದ ವಿಡಿಯೊ ತೆಗೆದಳು.

ಪೈಪಿನ ಎರಡು ಬದಿಯ ನೀರಿನ ಮಟ್ಟದ ನಡುವೆ 10 ಸೆಂ.ಮೀ. ಅಂತರ ಬಂದರೆ ಸುಮಾರು 1 ಕಿಲೋಪಾಸ್ಕಲ್ ನಷ್ಟ. ನಮ್ಮ ಊರಿನ ವಾಯುಭಾರ 91 ಕಿಲೋಪಾಸ್ಕಲ್ ಆಸುಪಾಸು. ಹಾಗಾಗಿ 10 ಸೆಂ.ಮೀ. ಎಂದರೆ ನೂರಕ್ಕೆ ಒಂದಕ್ಕಿಂತ ಚೂರು ಹೆಚ್ಚು ಗಾಳಿ ಹೋಯಿತು, ಶಕ್ತಿಯೂ ಅಷ್ಟೇ ಹೋಯಿತು.

ಹೊಸ ಪೇಪರ್ ಫಿಲ್ಟರಿಗೆ ಬಂದದ್ದು 21 ಸೆಂ.ಮೀ. 30 ಸಾವಿರ ಓಡಿದ ಹಳೆಯದಕ್ಕೆ 27. ಫಿಲ್ಟರನ್ನೇ ತೆಗೆದಿಟ್ಟು ಎರಡೇ ಎರಡು ಸಲ ಎಳೆದೆ, ಆಗ 17. ಅಂದರೆ ಹೊಸ ಕಾಗದದ ಫಿಲ್ಟರ್ ತಿನ್ನುವುದು 4 ಸೆಂ.ಮೀ., ನೂರಕ್ಕೆ ಅರ್ಧ ಪಾಲೂ ಅಲ್ಲ. ಒಂದು ಹಾರ್ಸ್‌ಪವರಿನ ಮೂರನೇ ಒಂದು ಭಾಗ. ಜಗತ್ತಿನ ಅತಿ ಒಳ್ಳೆಯ ಹತ್ತಿ ಫಿಲ್ಟರ್ ಹಾಕಿದರೂ ನೀವು ಮರಳಿ ಪಡೆಯಬಹುದಾದದ್ದು ಅದರಲ್ಲಿ ಒಂದಿಷ್ಟು.

ಹೋಲಿಕೆಗೆ ಹೇಳುತ್ತೇನೆ. ಕಂಪನಿ ಹೇಳುವ 83 ಪಿಎಸ್ ಸಮುದ್ರಮಟ್ಟದ ಹತ್ತಿರದ ಗಾಳಿಯ ಲೆಕ್ಕ. ಬೆಂಗಳೂರು 900 ಮೀಟರಿಗಿಂತ ಮೇಲಿದೆ, ಇಲ್ಲಿನ ವಾಯುಭಾರ ಅಲ್ಲಿಗಿಂತ ನೂರಕ್ಕೆ ಹತ್ತರಷ್ಟು ಕಡಿಮೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್‌ನಿಂದ ಏಳೆಂಟು ಹಾರ್ಸ್‌ಪವರನ್ನು ಕೆಂಪೇಗೌಡರು ಕಟ್ಟಿದ ಈ ದಿಣ್ಣೆಯೇ ತಿಂದು ಕೂತಿದೆ. ಮಂಗಳೂರಿಗೆ ಇಳಿದಾಗ 'ಗಾಡಿ ಇಲ್ಲಿ ಚೆನ್ನಾಗಿ ಎಳೀತದೆ' ಅನ್ನಿಸುವುದು ಸುಮ್ಮನೆ ಅಲ್ಲ.

ಮಗಾ_ಮಶ್ರೂಮ್

ಅಂಕಲ್, ಕುಂಕುಮದ ನೀರು ಸೂಪರ್. ಆದ್ರೆ ಒಂದು ಡೌಟು. ಫಿಲ್ಟರ್ ಇಲ್ದೇನೂ 17 ಇದೆ ಅಂದ್ರಿ. ಅದು ಬಾಕ್ಸು, ಬಾಕ್ಸಿಗೆ ಮುಂಚಿನ ಸಣ್ಣ ಪೈಪು ತಿನ್ನೋದು ತಾನೆ? ಕೋನ್ ಹಾಕೋರು ಅವೆರಡನ್ನೂ ಕಿತ್ತಾಕ್ತೀವಲ್ಲ. ಅಲ್ಲಿಗೆ ನಿಮ್ಮ ಲೆಕ್ಕದಲ್ಲೇ ಒಂದೂವರೆ ಪರ್ಸೆಂಟ್ ನಂದು.

ಜಯನಗರ_ನಾಲ್ಕನೇ_ಬ್ಲಾಕ್

ಸರಿಯಾದ ಪ್ರಶ್ನೆ ಕೇಳಿದೆಯಪ್ಪ. 17ರಲ್ಲಿ ಥ್ರಾಟಲ್‌ವರೆಗಿನ, ಅಂದರೆ ಎಂಜಿನ್‌ಗೆ ಗಾಳಿ ಬಿಡುವ ಬಾಗಿಲಿನವರೆಗಿನ, ಪೈಪಿನ ಪಾಲೂ ಇದೆ, ಆದರೂ ಒಂದು ಪರ್ಸೆಂಟ್‌ಗಿಂತ ಮೇಲೆ ನಿನಗೆ ಸಿಗಬಹುದು, ಒಪ್ಪಿದೆ.

ಈಗ ಇನ್ನೊಂದು ಲೆಕ್ಕ. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ. ನಮ್ಮ ಹವೆಯ ಮಟ್ಟದಲ್ಲಿ ಪ್ರತಿ 3 ಡಿಗ್ರಿಗೆ ನೂರಕ್ಕೆ ಒಂದು. ಬಾಕ್ಸ್ ಕಿತ್ತು ನೀನು ಗಳಿಸಿದ್ದು ನಾಲ್ಕೈದು ಡಿಗ್ರಿ ಬಿಸಿಗೆ ಸಮ. ನಿನ್ನ ಕೋನ್ ಈಗ ಎಲ್ಲಿಂದ ಗಾಳಿ ಎಳೆಯುತ್ತಿದೆ? ಬಾನೆಟ್ ಕೆಳಗಿನಿಂದ, ರೇಡಿಯೇಟರ್ ದಾಟಿ ಬಂದ ಬಿಸಿಗಾಳಿಯನ್ನು. ಅಳೆದು ನೋಡು. ಡ್ಯಾಶ್‌ಬೋರ್ಡಿನ ಕೆಳಗಿನ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್ ಬರುತ್ತದಲ್ಲ, ಅದರಲ್ಲಿ ಇಂಟೇಕ್ ಏರ್ ಟೆಂಪರೇಚರ್ ತೋರಿಸುತ್ತದೆ.

ಕೆಂಪು_ಜಿಟಿ

ಈ ಚರ್ಚೆಗೆ ನನ್ನ ಎರಡು ಕಾಸು. ನನ್ನದು ಪೋಲೊ ಜಿಟಿ ಟಿಎಸ್‌ಐ, ಹಳೇ 1.2 ಟರ್ಬೊ, ಇಸಿಯು ರೀಮ್ಯಾಪ್ ಆಗಿದೆ, ಅಂದ್ರೆ ಎಂಜಿನ್ ನಡೆಸೋ ಕಂಪ್ಯೂಟರಿನ ಸಾಫ್ಟ್‌ವೇರ್ ಜಾಸ್ತಿ ಪವರಿಗೆ ಬದಲಾಯಿಸಿದೆ. ವರ್ಷಕ್ಕೆರಡು ಸಲ ಕೊಯಮತ್ತೂರಿನ ಕರಿ ಟ್ರ್ಯಾಕಿಗೆ ಒಯ್ತೀನಿ. ಓಪನ್ ಕೋನ್, ಬಂಪರ್‌ವರೆಗಿನ ಪೈಪು, ಎರಡೂ ಹಾಕಿ ತೆಗೆದಿದೀನಿ. ಈಗಿರೋದು ಕಂಪನಿ ಬಾಕ್ಸ್, ಒಳಗೆ ಹತ್ತಿ ಫಿಲ್ಟರ್. ಅಷ್ಟೇ.

ಟರ್ಬೊ ಗಾಡಿ ಬೇರೆ ಪ್ರಾಣಿ. ನೂರಕ್ಕೆ ಹತ್ತು ಪಾಲು ಗಾಳಿ ಕಮ್ಮಿ ಇರೋ ಊರಲ್ಲೂ ಟರ್ಬೊ ಸ್ವಲ್ಪ ಜಾಸ್ತಿ ತಿರುಗಿ ಸರಿದೂಗಿಸುತ್ತೆ. ರೀಮ್ಯಾಪ್ ಆದಮೇಲೆ ಒಳಗೆ ಹೋಗೋ ಗಾಳಿ ಜಾಸ್ತಿ, ಅಲ್ಲಿ ಫಿಲ್ಟರ್ ಅಡ್ಡಿ ಲೆಕ್ಕಕ್ಕೆ ಬರುತ್ತೆ. ಸ್ಟಾಕ್, ಅಂದ್ರೆ ಕಂಪನಿಯಿಂದ ಬಂದ ಹಾಗೇ ಇರೋ ಸ್ವಿಫ್ಟ್‌ಗೆ ನನ್ನ ಅನುಭವ ಅನ್ವಯಿಸ್ಬೇಡಿ. ನನ್ನ ಗಾಡೀಲಿ ಉಷ್ಣಾಂಶದ ಸೆನ್ಸರ್, ಟರ್ಬೊ ಗಾಳೀನ ತಣ್ಣಗೆ ಮಾಡೋ ಇಂಟರ್‌ಕೂಲರ್ ದಾಟಿದ ಮೇಲಿದೆ, ಆ ನಂಬರನ್ನೂ ಇಲ್ಲಿ ಹೋಲಿಸೋಕೆ ಬರಲ್ಲ.

ಸಾರ್ ಹೇಳಿದ್ದಕ್ಕೆ ಒಂದು ತಿದ್ದುಪಡಿ: ಟ್ರಾಫಿಕಲ್ಲಿ ತೆವಳುವಾಗ ಗಾಳಿ ಬಿಸಿ ಇದ್ರೂ ನಷ್ಟ ಗೊತ್ತಾಗಲ್ಲ. ಥ್ರಾಟಲ್ ಹೇಗೂ ಅರೆ ಮುಚ್ಚಿರುತ್ತೆ, ಗಾಳಿ ತೆಳುವಾದ್ರೆ ಕಾಲು ತಾನಾಗಿ ಚೂರು ಜಾಸ್ತಿ ಒತ್ತುತ್ತೆ. ತೊಂದರೆ ಇರೋದು ಸಿಗ್ನಲ್ ಬಿಟ್ಟು ಪೂರ್ತಿ ತುಳಿದಾಗ. ಆಗ ಕಾದ ಪೈಪು, ಕಾದ ಬಾಕ್ಸು, ಕಾದ ಗಾಳಿ. ಅದರ ಮೇಲೆ ನಾಕ್ ಆಗದಿರಲಿ, ಅಂದ್ರೆ ಪೆಟ್ರೋಲ್ ತಾನಾಗೇ ಹೊತ್ತಿ ಎಂಜಿನ್ ಬಡಿಯದಿರಲಿ ಅಂತ ಇಸಿಯು ಇಗ್ನಿಷನ್ ಟೈಮಿಂಗ್, ಅಂದ್ರೆ ಪ್ಲಗ್ ಕಿಡಿ ಹಾರೋ ಹೊತ್ತನ್ನ, ಹಿಂದಕ್ಕೆ ಎಳೆಯುತ್ತೆ. ನಷ್ಟ ಎರಡು ಕಡೆಯಿಂದ.

ಮಗಾ_ಮಶ್ರೂಮ್

ಅಳೆದೆ. ಬೈಕೊಳ್ಳೋ ಹಂಗಿದೆ.

ಮಧ್ಯಾಹ್ನ ಹೊರಗಡೆ 30 ಡಿಗ್ರಿ. ಸಿಲ್ಕ್ ಬೋರ್ಡ್ ಹತ್ರ ಹದಿನೈದು ನಿಮಿಷ ತೆವಳಿದಾಗ ಎಂಜಿನ್ ಎಳೆಯೋ ಗಾಳಿ 63. ಅಲ್ಲಿಂದ ಬಿಟ್ಟು ಎಲೆಕ್ಟ್ರಾನಿಕ್ ಸಿಟಿ ಎಲಿವೇಟೆಡ್ ಹತ್ತಿ 80ರಲ್ಲಿ ಹೋದ್ರೆ ಇಳೀತಾ ಇಳೀತಾ 41ಕ್ಕೆ ನಿಂತ್ಕೊಂಡ್ತು, ಅದಕ್ಕೆ ಐದಾರು ನಿಮಿಷ ತಗೊಳ್ತು. ಪಕ್ಕದ್ಮನೆಯವರದೂ ಅದೇ ಸಿಟಿ, ಸ್ಟಾಕ್ ಬಾಕ್ಸ್. ಬೇಡಿ ಬೇಡಿ ಅದೇ ಅಡಾಪ್ಟರ್ ಹಾಕ್ಸಿ ನೋಡ್ದೆ. ಅದೇ ಜಾಗ, ಮಾರನೇ ದಿನ, ಅದೇ ಹೊತ್ತು: 42. ಮೇಲೆ ಹತ್ತಿದ್ಮೇಲೆ 34.

ಅಂಕಲ್ ಲೆಕ್ಕದಲ್ಲಿ ಟ್ರಾಫಿಕಿಂದ ಎದ್ದ ತಕ್ಷಣ ನಾನು ಏಳು ಪರ್ಸೆಂಟ್ ಹಿಂದೆ ಇದೀನಿ. ಎರಡು ವರ್ಷದಿಂದ ಪಿಕಪ್ ಅಂದ್ಕೊಂಡಿದ್ದು ಬರೀ ಸೌಂಡಾ?

ವಿಲ್ಸನ್‌ಗಾರ್ಡನ್_ಗ್ಯಾರೇಜ್

ಸೌಂಡೇ. ಬಾಕ್ಸಿನ ಪಕ್ಕ ಪ್ಲಾಸ್ಟಿಕ್ ಡಬ್ಬಿ ಥರ ಒಂದು ನೇತಾಡ್ತಿರುತ್ತೆ, ಗಾಳಿ ಎಲ್ಲಿಗೂ ಹೋಗದ ಡಬ್ಬಿ. ರೆಸೊನೇಟರ್ ಅಂತಾರೆ. ಹುಡುಗ್ರು 'ವೇಸ್ಟು ಅಣ್ಣ, ತೆಗಿ' ಅಂತಾರೆ. ಎಂಜಿನ್ ಒಂದೊಂದು ಗುಟುಕು ಗಾಳಿ ಎಳೆದಾಗ್ಲೂ ಬರೋ ದಬ್ ದಬ್ ಅನ್ನೋ ಸದ್ದನ್ನ ಅದು ನುಂಗುತ್ತೆ. ಅದನ್ನ ತೆಗೆದ್ರೆ ಆ ಸದ್ದು ನಿಮ್ಮ ಕಿವಿಗೆ. ಕಿವಿಗೆ ಜೋರಾಗಿ ಕೇಳಿದ್ರೆ ಬೆನ್ನಿಗೂ ಜೋರಾಗಿ ತಳ್ಳಿದಂಗೆ ಅನ್ಸುತ್ತೆ, ಮನುಷ್ಯರ ಸ್ವಭಾವ.

ಸೌಂಡ್ ಬೇಕು ಅಂತ ಹಾಕ್ಸೋರನ್ನ ನಾನು ಬೇಡ ಅನ್ನಲ್ಲ. ಅದೂ ಒಂದು ಖುಷಿ. ಪವರ್ ಅಂತ ಹೇಳ್ಕೊಂಡು ಬಂದ್ರೆ ಮಾತ್ರ ವಾಪಸ್ ಕಳಿಸ್ತೀನಿ.

ಹುಬ್ಬಳ್ಳಿ_ಡೀಸೆಲ್

ನಂದೂ ಒಂದ್ ಕತಿ ಕೇಳ್ರಿ. ಹಳೇ ಡಿಸೈರ್ ಡೀಸೆಲ್ ಐತ್ರಿ, 1.3. ಈಗ ಕೆಂಗೇರಿಯಾಗ ಅದೀನಿ. ಬಾಕ್ಸಿನ್ಯಾಗ ಕೂಡೂ ಹತ್ತಿ ಫಿಲ್ಟರ್ ಹಾಕ್ಸಿದ್ದೆ. ಒಂದ್ ವರ್ಷ ಚಲೋ ಓಡ್ತು. ಆಮ್ಯಾಲ ತೊಳಿಯೂ ಹೊತ್ತು ಬಂತು. ತೊಳದ್ನಿ, ಒಣಗಿಸಿದ್ನಿ, ಕೆಂಪ್ ಎಣ್ಣಿ ಹಚ್ಚಬೇಕಲ್ರಿ, ನಮ್ಮವ್ವ ರೊಟ್ಟಿಗೆ ಬೆಣ್ಣಿ ಹಚ್ಚಿದಂಗ ಹಚ್ಚಿಬಿಟ್ನಿ. ತಪ್ಪು ನಂದ, ಫಿಲ್ಟರಿಂದಲ್ಲ.

ನಾಕ್ ದಿನಕ್ಕ ಗಾಡಿ ಮಂಕ್ ಬಡದಂಗಾತು. ತುಮಕೂರ ರೋಡಿನ್ಯಾಗ ಲಾರಿ ದಾಟಾಕ ಒದ್ದಾಟ. ಸ್ಕ್ಯಾನರ್ ಹಾಕಿ ನೋಡಿದ್ರ ಎಂ.ಎ.ಎಫ್. ಸೆನ್ಸರ್. ಫಿಲ್ಟರ್ ದಾಟಿದ ಕೂಡ್ಲೇ ಪೈಪಿನ್ಯಾಗ ಇರ್ತೈತ್ರಿ. ಸಣ್ಣದೊಂದು ಕಾದ ಎಳಿ ಇದ್ದಂಗ. ಗಾಳಿ ಹಾದ್ರ ಅದು ತಣ್ಣಗಾಕ್ಕೈತಿ, ಎಷ್ಟ್ ತಣ್ಣಗಾತು ಅನ್ನೂದ್ರ ಮ್ಯಾಲೆ ಎಷ್ಟ್ ಗಾಳಿ ಬಂತು ಅಂತ ಇಸಿಯುಗೆ ತಿಳೀತೈತಿ. ಅದರ ಮ್ಯಾಲೆ ಎಣ್ಣಿ, ಎಣ್ಣಿ ಮ್ಯಾಲೆ ಧೂಳು. ಬಂದ ಗಾಳಿ ಬರಾಬರಿ, ಸೆನ್ಸರ್ ಹೇಳೂದು ಕಡಿಮಿ. ಕಡಿಮಿ ಗಾಳಿಗೆ ಕಡಿಮಿ ಡೀಸೆಲ್. ಮುಗೀತು.

ಎಂ.ಎ.ಎಫ್. ಕ್ಲೀನರ್ ಅಂತ ಬ್ಯಾರೇನ ಸ್ಪ್ರೇ ಬರ್ತೈತ್ರಿ, ಅದರಾಗ ತೊಳದ ಮ್ಯಾಲೆ ಹಾದಿಗೆ ಬಂತು. ಕಾರ್ಬೊರೇಟರ್ ಕ್ಲೀನರ್ ಹೊಡೀಬ್ಯಾಡ್ರಿ, ಬಟ್ಟಿಲೆ ಒರಸಾಕಂತೂ ಹೋಗಬ್ಯಾಡ್ರಿ. ಹತ್ತಿ ಫಿಲ್ಟರ್ ಹಾಕೋರು ಎಣ್ಣಿ ಹಚ್ಚಿ ಒಂದ್ ರಾತ್ರಿ ಬಿಡ್ರಿ, ಅದು ತಾನ ಹರಡ್ಕೋತೈತಿ.

ಕೆಂಪು_ಜಿಟಿ

ರೊಟ್ಟಿ ಬೆಣ್ಣೆ ಉಪಮೆಗೆ ಸಾಷ್ಟಾಂಗ. ನಾನು ಒಣಗಿಸೋಕೆ ಹೇರ್ ಡ್ರೈಯರ್ ಹಿಡಿದು ಹತ್ತಿ ಸುಕ್ಕು ಮಾಡಿದೀನಿ, ಅದನ್ನೂ ಸೇರಿಸಿಕೊಳ್ಳಿ. ನೆರಳಲ್ಲಿ, ತಾನಾಗೇ ಒಣಗಲಿ.

ಕ್ಲೇಮ್_ಸಾರ್

ಮೋಟಾರ್ ಇನ್ಶೂರೆನ್ಸ್ ಕಡೆ ಕೆಲಸ ನಂದು. ಆ 14,000ದ ಕಿಟ್ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ, ಅದಕ್ಕೇ ಬರೀತಿದೀನಿ.

ತಣ್ಣನೆ ಗಾಳಿ ಬೇಕು ಅಂತ ಫಿಲ್ಟರನ್ನ ಬಂಪರ್ ಒಳಗೆ, ಫಾಗ್ ಲ್ಯಾಂಪ್ ಹಿಂದೆ ಇಳಿಸ್ತಾರೆ. ಅಲ್ಲಿ ತಣ್ಣನೆ ಗಾಳಿ ಸಿಗುತ್ತೆ ನಿಜ. ಆದ್ರೆ ನೆಲದಿಂದ ಅದೆಷ್ಟು ಎತ್ತರ? ಮೊಣಕಾಲಿಗಿಂತ ಕೆಳಗೆ. ನಮ್ಮೂರಲ್ಲಿ ಒಂದು ಗಂಟೆ ಮಳೆ ಬಂದ್ರೆ ಅಂಡರ್‌ಪಾಸಲ್ಲಿ ಎಷ್ಟು ನೀರು ನಿಲ್ಲುತ್ತೆ ಅಂತ ನಾನು ಹೇಳ್ಬೇಕಾಗಿಲ್ಲ. 2022ರ ಸೆಪ್ಟೆಂಬರಲ್ಲಿ ಔಟರ್ ರಿಂಗ್ ರೋಡ್, ಬೆಳ್ಳಂದೂರು ಕಡೆ ಆದದ್ದು ನೆನಪಿದೆ ತಾನೆ? 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಲ್ಲಿ ಕಾರು ಮುಳುಗಿ ಒಂದು ಹೆಣ್ಣುಮಗಳ ಜೀವವೇ ಹೋಯ್ತು.

ಗಾಳಿ ಒತ್ತಿದ್ರೆ ಕುಗ್ಗುತ್ತೆ, ನೀರು ಕುಗ್ಗಲ್ಲ. ಸಿಲಿಂಡರ್ ಒಳಗೆ ನೀರು ಹೋದ್ರೆ ಪಿಸ್ಟನ್ ಮೇಲೆ ಬರೋಕೆ ಜಾಗ ಇರಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತೆ. ಹೈಡ್ರೊಸ್ಟ್ಯಾಟಿಕ್ ಲಾಕ್ ಅಂತೀವಿ. ಮಾಮೂಲಿ ಪಾಲಿಸೀಲಿ ಇದು ಸಾಮಾನ್ಯವಾಗಿ ಬರಲ್ಲ, ಎಂಜಿನ್ ಪ್ರೊಟೆಕ್ಷನ್ ಅಂತ ಪ್ರತ್ಯೇಕ ಕವರ್ ತಗೊಂಡಿರಬೇಕು. ನೀರಲ್ಲಿ ಗಾಡಿ ಆಫ್ ಆದ್ರೆ ಕೈ ಮುಗಿದು ಹೇಳ್ತೀನಿ, ಇನ್ನೊಂದ್ಸಲ ಸ್ಟಾರ್ಟ್ ಮಾಡೋಕೆ ಹೋಗ್ಬೇಡಿ. ಇಳಿದು, ತಳ್ಳಿಸಿ, ಟೋ ಮಾಡಿಸಿ. ಬಹಳ ಎಂಜಿನ್ ಹಾಳಾಗೋದು ಆ ಎರಡನೇ ಸಲ ಸ್ಟಾರ್ಟ್ ಮಾಡೋಕೆ ಹೋದಾಗ್ಲೇ.

ಕಾನೂನು ಕೇಳೋರಿಗೆ: ಮೋಟಾರು ವಾಹನ ಕಾಯ್ದೆ ಸೆಕ್ಷನ್ 52ರ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲಾ ಎರಡೂ. ಟ್ರಾಫಿಕ್ ಪೊಲೀಸರು ಸೈಲೆನ್ಸರ್ ಹಿಡೀತಾರೆ, ಫಿಲ್ಟರ್ ನೋಡೋಕೆ ಬಾನೆಟ್ ಎತ್ತಿಸಿದ್ದು ನಾನಂತೂ ಕಂಡಿಲ್ಲ. ಬಾನೆಟ್ ಎತ್ತಿಸಿ ನೋಡೋರು ನಮ್ಮ ಸರ್ವೇಯರ್‌ಗಳು.

ಮಗಾ_ಮಶ್ರೂಮ್

ಮಳೆಗಾಲ ಬಂತು ಅಂದ್ರೆ ನಮ್ಮ ಏರಿಯಾಗೆ ನೀರಿಗಿಂತ ಮೇಲಿಂದ ಗಾಳಿ ಎಳೆಯೋ ಸ್ನಾರ್ಕೆಲ್ ಪೈಪ್ ಅಲ್ಲ ಗುರು, ದೋಣಿ ಬೇಕು.

ಜಯನಗರ_ನಾಲ್ಕನೇ_ಬ್ಲಾಕ್

ಧೂಳಿನ ಮಾತು ಬಿಟ್ಟುಹೋಗಿದೆ. ಫಿಲ್ಟರಿನ ಮೊದಲ ಕೆಲಸ ಗಾಳಿ ಬಿಡುವುದಲ್ಲ, ಧೂಳು ಹಿಡಿಯುವುದು. ಪ್ರಶ್ನೆ ಕೇಳಿದವರು ದಿನವೂ ಓಡಾಡುವ ಔಟರ್ ರಿಂಗ್ ರಸ್ತೆಯಲ್ಲಿ ಮೆಟ್ರೊ ಕಾಮಗಾರಿಯ ಸಿಮೆಂಟು, ಮಣ್ಣು, ಜಲ್ಲಿ ಪುಡಿ ವರ್ಷಗಟ್ಟಲೆ ಹಾರಿದೆ. ಈ ಪುಡಿಯಲ್ಲಿರುವ ಸಿಲಿಕಾ ಸಿಲಿಂಡರ್ ಗೋಡೆಗೆ ಉಪ್ಪುಕಾಗದ ಉಜ್ಜಿದಂತೆ.

ಫಿಲ್ಟರ್‌ಗಳನ್ನು ಪರೀಕ್ಷಿಸಲು ಐಎಸ್‌ಒ 5011 ಎಂಬ ಮಾನದಂಡವಿದೆ. ಅಳತೆ ಮಾಡಿದ ಧೂಳನ್ನೇ ಊದಿ ಮೂರು ಸಂಗತಿ ನೋಡುತ್ತಾರೆ: ಗಾಳಿಗೆ ಎಷ್ಟು ಅಡ್ಡಿ, ನೂರಕ್ಕೆ ಎಷ್ಟು ಧೂಳು ಹಿಡಿಯಿತು, ಕಟ್ಟಿಕೊಳ್ಳುವ ಮೊದಲು ಒಟ್ಟು ಎಷ್ಟು ಗ್ರಾಂ ನುಂಗಿತು. ಮಾರುವವರು ಮೊದಲನೆಯದನ್ನು ದೊಡ್ಡ ಅಕ್ಷರದಲ್ಲಿ ಹಾಕುತ್ತಾರೆ. ಉಳಿದೆರಡನ್ನು ಕೇಳಿ ನೋಡಿ, ಅಂಗಡಿಯವರ ಮುಖ ನೋಡುವಂತಿರುತ್ತದೆ. ಕೆ ಅಂಡ್ ಎನ್ 1969ರಿಂದ ಇದೇ ವ್ಯಾಪಾರದಲ್ಲಿದೆ, ಇಟಲಿಯ ಬಿಎಂಸಿ ಇದೆ, ಫೋಮ್ ಬೇಕೆಂದರೆ ಪೈಪರ್‌ಕ್ರಾಸ್ ಇದೆ. ಅಸಲಿ ಮಾಲು ತಂದು ಹೇಳಿದಂತೆ ನೋಡಿಕೊಂಡರೆ ಎಂಜಿನ್ ಮುಳುಗಿಹೋಗುವುದಿಲ್ಲ. ಆದರೆ ಅವುಗಳದೇ ಡಬ್ಬಿಯಲ್ಲಿ ಎಂಟುನೂರು ರೂಪಾಯಿಗೆ ಸಿಗುವ ಕೆಂಪು ಬಣ್ಣದ ಜಾಳಿಗೆಯನ್ನು ನಾನು ಚಹಾ ಸೋಸಲೂ ಬಳಸುವುದಿಲ್ಲ.

ವಿಲ್ಸನ್‌ಗಾರ್ಡನ್_ಗ್ಯಾರೇಜ್

ಸಾರ್ ಹೇಳಿದ್ದಕ್ಕೆ ಮನೇಲೇ ಮಾಡೋ ಪರೀಕ್ಷೆ. ಫಿಲ್ಟರ್ ದಾಟಿದ ಮೇಲಿನ ಪೈಪ್ ಬಿಚ್ಚಿ ಒಳಗೆ ಬಿಳೀ ಬಟ್ಟೇಲಿ ಒರೆಸಿ. ತೆಳ್ಳಗೆ ಎಣ್ಣೆ ಜಿಡ್ಡು ಬಂದ್ರೆ ಬ್ರೀದರಿಂದ, ಪರವಾಗಿಲ್ಲ. ಮರಳು ಮರಳು ಸಿಕ್ಕಿದ್ರೆ ಧೂಳು ಸೋರ್ತಿದೆ ಅಂತ ಅರ್ಥ. ಬಹಳ ಸಲ ತಪ್ಪು ಫಿಲ್ಟರಿಂದಲ್ಲ, ರಬ್ಬರ್ ಅಂಚು ಸರಿಯಾಗಿ ಕೂತಿರಲ್ಲ, ಇಲ್ಲಾ ಬಾಕ್ಸಿನ ಕ್ಲಿಪ್ ಮುರಿದಿರುತ್ತೆ.

ಹನುಮಂತನಗರದವರೇ, ಎಲ್ರೂ ಅಳೆದಾಯ್ತು, ನೀವೆಲ್ಲಿ? ಸ್ಟಾಕ್ ಬಾಕ್ಸಲ್ಲಿ ಎಷ್ಟು ಡಿಗ್ರಿ ತೋರಿಸ್ತಿದೆ ನಿಮ್ಮದು? ಆ ಬಂಪರ್ ಕೆಲಸ ನನ್ನ ತಲೇಲಿ ಕೂತಿದೆ.

ಹನುಮಂತನಗರ_ಸ್ವಿಫ್ಟ್

ಕ್ಷಮಿಸಿ, ಅಡಾಪ್ಟರ್ ತರಿಸ್ಕೊಂಡೆ, ಅದಕ್ಕೆ ತಡ ಆಯ್ತು. ಮೂರು ದಿನ ನೋಡಿದೀನಿ. ಸಿಲ್ಕ್ ಬೋರ್ಡಲ್ಲಿ ಹೊರಗಡೆ 31, ಒಳಗೆ 58. ಅಡಾಪ್ಟರ್ ಕೆಟ್ಟಿರ್ಬೇಕು ಅಂದ್ಕೊಂಡೆ. ಬೆಳಗ್ಗೆ ತಣ್ಣಗಿನ ಎಂಜಿನ್ ಆನ್ ಮಾಡಿದ ತಕ್ಷಣ 22 ತೋರಿಸ್ತು, ಹೊರಗಿನ ಹವೆಯಷ್ಟೇ, ಹಾಗಾಗಿ ಅದು ಸರಿ ಇದೆ. ಕೋನ್ ಇಲ್ದೇನೇ ನನ್ನ ಗಾಡಿ ಮಗಾ ಅವರ ಕೋನಿಗೆ ಪೈಪೋಟಿ ಕೊಡ್ತಿದೆಯಲ್ಲ!

ವಿಲ್ಸನ್‌ಗಾರ್ಡನ್_ಗ್ಯಾರೇಜ್

ಇವತ್ತೇ ಬಾನೆಟ್ ಎತ್ತಿ. ಫಿಲ್ಟರ್ ಬಾಕ್ಸಿಂದ ಮುಂದಕ್ಕೆ, ಗ್ರಿಲ್ ಕಡೆಗೆ ಒಂದು ಪ್ಲಾಸ್ಟಿಕ್ ಡಕ್ಟ್ ಹೋಗ್ಬೇಕು. ಅದರ ಬಾಯಿ ಎಲ್ಲಿದೆ ನೋಡಿ ಫೋಟೊ ಹಾಕಿ.

ಹನುಮಂತನಗರ_ಸ್ವಿಫ್ಟ್

ಡಕ್ಟೇ ಇಲ್ಲ ಅಣ್ಣ.

ಬಾಕ್ಸಿನ ಬಾಯಿ ಸೀದಾ ಎಂಜಿನ್ ಕಡೆ ತೆರ್ಕೊಂಡಿದೆ, ರೇಡಿಯೇಟರ್ ಫ್ಯಾನಿಂದ ಒಂದು ಗೇಣು ದೂರ. ಗ್ರಿಲ್ ಹತ್ರ ಅದನ್ನ ಕೂರಿಸೋ ಎರಡು ತೂತು ಹಂಗೇ ಖಾಲಿ ಇವೆ. ನವೆಂಬರಲ್ಲಿ ಬಂಪರ್ ಬಿಚ್ಚಿದೋರು ಡಕ್ಟ್ ವಾಪಸ್ ಹಾಕೇ ಇಲ್ಲ. ನಾಲ್ಕೈದು ತಿಂಗಳು ಅಂದಿದ್ನಲ್ಲ ಮೊದ್ಲು, ಲೆಕ್ಕ ಸರಿಯಾಗಿ ಅಲ್ಲಿಗೇ ಬರುತ್ತೆ. ನನಗೇ ಹೊಳೀಲಿಲ್ಲ ನೋಡಿ. ಮಧ್ಯಾಹ್ನ ಜಾಸ್ತಿ, ಬೆಳಗ್ಗೆ ಕಮ್ಮಿ ಅಂತ ನಾನೇ ಬರೆದಿದ್ದೆ.

ಬಾಕ್ಸ್ ತೆಗೆದೆ. ಎರಡು ಕ್ಲಿಪ್ಪಲ್ಲಿ ಒಂದು ಮುರಿದಿದೆ, ಯಾರೋ ಕೇಬಲ್ ಟೈ ಹಾಕಿ ಬಿಗಿದಿದಾರೆ. ಬಿಳೀ ಬಟ್ಟೆ ಪರೀಕ್ಷೆ ಮಾಡಿದೆ, ಆ ಮೂಲೆ ಕಡೆ ಸ್ವಲ್ಪ ಮಣ್ಣು ಬಂತು. ಹೊಟ್ಟೆ ಉರೀತಿದೆ. ಬಿಲ್ಲಲ್ಲಿ 'ಏರ್ ಡಕ್ಟ್ ತೆಗೆದು ಜೋಡಿಸುವುದು' ಅಂತ ಲೇಬರ್ ಬೇರೆ ಹಾಕಿದ್ರು.

ಕ್ಲೇಮ್_ಸಾರ್

ಬಿಲ್ಲಲ್ಲಿ ಹಾಗೆ ಬರೆದಿದ್ರೆ ಆ ಬಿಲ್ಲು, ಫೋಟೊ ಹಿಡ್ಕೊಂಡು ಹೋಗಿ. ಕೆಲಸ ಮಾಡಿದೋರೇ ಪುಕ್ಕಟೆ ಹಾಕ್ಕೊಡ್ಬೇಕು. ಫೋನಲ್ಲಿ ಕೂಗಾಡ್ಬೇಡಿ, ಮೇಲ್ ಹಾಕಿ, ಬರಹದಲ್ಲಿರಲಿ.

ಕೆಂಪು_ಜಿಟಿ

ಅಂದ್ರೆ ಕಂಪನಿಯವರು ಕೊಟ್ಟಿದ್ದೇ ಒಂದು ಕೋಲ್ಡ್ ಏರ್ ಇಂಟೇಕ್. ಅದನ್ನ ಕಳಕೊಂಡು 14,000 ಕೊಟ್ಟು ಅದನ್ನೇ ವಾಪಸ್ ಕೊಳ್ಳೋಕೆ ಹೊರಟಿದ್ರಿ.

ಹನುಮಂತನಗರ_ಸ್ವಿಫ್ಟ್

ಎರಡು ವಾರದ ನಂತರದ ವರದಿ. ಮೇಲ್ ಹಾಕಿದ ಮೂರನೇ ದಿನಕ್ಕೆ ಡಕ್ಟ್ ಪುಕ್ಕಟೆ ಹಾಕಿಕೊಟ್ರು, ಕಾಫಿನೂ ಕೊಟ್ರು. ಹೊಸ ಪೇಪರ್ ಫಿಲ್ಟರ್ ನಾನೇ ತಂದು ಹಾಕ್ಕೊಂಡೆ, ರಬ್ಬರ್ ಅಂಚು ಸುತ್ತಲೂ ಬೆರಳಾಡಿಸಿ ನೋಡಿ. ಅದೇ ಸಿಲ್ಕ್ ಬೋರ್ಡ್, ಹೊರಗಡೆ 32, ಒಳಗೆ ಈಗ 42. ಫ್ಲೈಓವರ್ ಮೂರನೇ ಗೇರಲ್ಲಿ ಹತ್ತುತ್ತಿದೆ. ಮೈಲೇಜ್ ವ್ಯತ್ಯಾಸ ಏನೂ ಕಾಣ್ತಿಲ್ಲ, ಇನ್ನೂ ಮೂರು ಟ್ಯಾಂಕ್ ನೋಡ್ತೀನಿ.

ಹತ್ತಿ ಫಿಲ್ಟರ್ ಆಸೆ ಪೂರ್ತಿ ಹೋಗಿಲ್ಲ, ಆದ್ರೆ ಈ ಧೂಳಲ್ಲಿ ತೊಳೆಯೋದು, ಎಣ್ಣೆ ಹಚ್ಚೋದು ನನ್ನ ಕೈಲಾಗೋ ಕೆಲಸ ಅಲ್ಲ. ಮಗಾ ಅವರೇ, ನೀವೇನು ಮಾಡಿದ್ರಿ?

ಮಗಾ_ಮಶ್ರೂಮ್

ನಾನು ಕೋನ್ ತೆಗೆಯಲ್ಲ, ಸೌಂಡ್ ಬಿಟ್ಟು ಬದುಕೋಕೆ ಆಗಲ್ಲ ಅಂತ ಒಪ್ಕೊಂಡ್ಬಿಟ್ಟೆ. ಎಸ್.ಪಿ. ರೋಡಲ್ಲಿ ಅಲ್ಯೂಮಿನಿಯಂ ಶೀಟ್ ತಂದು ಕೋನ್ ಮತ್ತೆ ಎಂಜಿನ್ ಮಧ್ಯ ಗೋಡೆ ಕಟ್ಟಿದೀನಿ, ಮೇಲೆ ಬಾನೆಟ್ಟಿಗೆ ತಾಗೋ ಹಂಗೆ ರಬ್ಬರ್ ಬೀಡಿಂಗ್. ಸ್ಟಾಕ್ ಡಕ್ಟ್ ವಾಪಸ್ ಹಾಕಿ ಅದರ ಬಾಯಿ ಕೋನ್ ಕಡೆ ಬಿಟ್ಟೆ. 63 ಇದ್ದಿದ್ದು 50ಕ್ಕೆ ಬಂದಿದೆ. ಅಂಕಲ್, ನಿಮ್ಮ ಕುಂಕುಮದ ನೀರಿನ ಹಲಗೆ ಒಂದು ಭಾನುವಾರ ಸಾಲ ಕೊಡ್ತೀರಾ?

ಜಯನಗರ_ನಾಲ್ಕನೇ_ಬ್ಲಾಕ್

ಬಾರಪ್ಪ, ಕೊಡುತ್ತೇನೆ. ಶೀಟಿನ ಅಂಚು ಯಾವ ವೈರಿಗೂ ಉಜ್ಜದ ಹಾಗೆ ನೋಡಿಕೊ. ಅಂದಹಾಗೆ, ಸುತ್ತ ಗೋಡೆ, ಮೇಲೆ ಮುಚ್ಚಳ, ಮುಂದೆ ಡಕ್ಟ್. ನೀನು ಕಟ್ಟಿರುವುದನ್ನು ಬಾಕ್ಸ್ ಎನ್ನುತ್ತಾರೆ.

ಹನುಮಂತನಗರ_ಸ್ವಿಫ್ಟ್

ಹ್ಹಹ್ಹ. ಒಂದು ಕೊನೇ ವಿಷಯ. ಆ ಮುರಿದ ಕ್ಲಿಪ್ ಬೇರೆಯಾಗಿ ಎಲ್ಲೂ ಸಿಗ್ತಿಲ್ಲ. ಶೋರೂಮಲ್ಲಿ ಇಡೀ ಬಾಕ್ಸೇ ತಗೋಬೇಕು ಅಂತಾರೆ, ಜೆ.ಸಿ. ರಸ್ತೇಲಿ ನಾಲ್ಕು ಅಂಗಡಿ ಕೇಳಿದೆ. ಕೇಬಲ್ ಟೈ ಹಾಕಿ ಓಡಿಸ್ತಿದೀನಿ, ಮನಸ್ಸು ಒಪ್ತಿಲ್ಲ.

ವಿಲ್ಸನ್‌ಗಾರ್ಡನ್_ಗ್ಯಾರೇಜ್

ಕೋನ್ ಹಾಕ್ಸೋಕೆ ಬಂದ ಹುಡುಗ್ರು ಬಿಟ್ಟುಹೋದ ಸ್ವಿಫ್ಟ್ ಬಾಕ್ಸು ನಮ್ಮ ಅಟ್ಟದ ಮೇಲೆ ಮೂರಿವೆ. ಗುರುವಾರ ಸಂಜೆ ಬನ್ನಿ, ಒಂದರಿಂದ ಕ್ಲಿಪ್ ಕಿತ್ತು ಕೊಡ್ತೀನಿ. ದುಡ್ಡು ಬೇಡ.